ಸರ್ಫಿಂಗ್ ಬೋರ್ಡ್ ಆಯ್ಕೆ: ಹೊಸದಾಗಿ ಕಲಿಯುವವರಿಗೆ ಹಾಗೂ ಮುಂದಿನ ಹಂತಕ್ಕೆ ಸಾಗುವವರಿಗೆ ಮಾಹಿತಿ

1. ಪೀಠಿಕೆ

ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ ಹಾಗೂ ಪೀಣ್ಯ ಭಾಗಗಳಲ್ಲಿ ಉದ್ಯೋಗದಲ್ಲಿರುವ ಅನೇಕ ನಾಗರಿಕರು ವಾರಾಂತ್ಯ ಹಾಗೂ ರಜಾ ದಿನಗಳಲ್ಲಿ ಕರಾವಳಿಗೆ ತೆರಳಿ ಸರ್ಫಿಂಗ್ (ಅಲೆ ಸವಾರಿ) ಕಲಿಯುತ್ತಿದ್ದಾರೆ. ಒಂದೆರಡು ದಿನಗಳ ತರಬೇತಿಯ ನಂತರ ಸ್ವಂತ ಬೋರ್ಡ್ ಕೊಳ್ಳುವ ಆಸೆ ಮೂಡುವುದು ಸಹಜ. ಆದರೆ ಕಡಲಿನಿಂದ 350 ಕಿ.ಮೀ.ಗೂ ಹೆಚ್ಚು ದೂರದಲ್ಲಿರುವವರು ಚಿತ್ರ ಹಾಗೂ ಬೆಲೆಯನ್ನು ಮಾತ್ರ ನೋಡಿ ಬೋರ್ಡ್ ತರಿಸಿಕೊಂಡಲ್ಲಿ, ಅದು ತಮಗೆ ಹೊಂದುವುದಿಲ್ಲವೆಂಬುದು ನೀರಿಗಿಳಿದ ಮೇಲಷ್ಟೇ ತಿಳಿಯುತ್ತದೆ. ತಪ್ಪು ಬೋರ್ಡ್‌ನಿಂದ ಹಣ ವ್ಯರ್ಥವಾಗುವುದಲ್ಲದೆ, ಕಲಿಕೆ ನಿಲ್ಲುತ್ತದೆ. ಕೆಲವೊಮ್ಮೆ ಪ್ರಾಣಕ್ಕೂ ಅಪಾಯ ಒದಗಬಹುದು. ಆದ್ದರಿಂದ ಬೋರ್ಡ್ ಆಯ್ಕೆ, ಖರೀದಿ, ಸಾಗಣೆ ಹಾಗೂ ಸುರಕ್ಷತೆಗೆ ಸಂಬಂಧಿಸಿದ ಮಾಹಿತಿಯನ್ನು ಸಾರ್ವಜನಿಕರ ಅನುಕೂಲಕ್ಕಾಗಿ ಈ ಪುಟದಲ್ಲಿ ನೀಡಲಾಗಿದೆ.

ಇಲ್ಲಿನ ಸಲಹೆಗಳ ಸಾರಾಂಶ ಇಷ್ಟೆ: ಮೊದಲು ಬಾಡಿಗೆಗೆ ಪಡೆದು ಕಲಿಯಿರಿ, ಕೊಳ್ಳುವಾಗ ದೇಹದ ತೂಕವನ್ನು ಆಧರಿಸಿ ಆಯ್ಕೆ ಮಾಡಿ, ಸಂಶಯವಿದ್ದಲ್ಲಿ ಚಿಕ್ಕದರ ಬದಲು ದೊಡ್ಡ ಬೋರ್ಡನ್ನೇ ಆರಿಸಿ.

2. ಕರ್ನಾಟಕದಲ್ಲಿ ಸರ್ಫಿಂಗ್

ರಾಜ್ಯದ ಕರಾವಳಿಯ ಉದ್ದ ಸುಮಾರು 320 ಕಿ.ಮೀ. ಸರ್ಫಿಂಗ್‌ಗೆ ಹೆಚ್ಚು ಹೆಸರಾದ ಸ್ಥಳ ದಕ್ಷಿಣ ಕನ್ನಡ ಜಿಲ್ಲೆಯ ಮೂಲ್ಕಿ. ಇಲ್ಲಿ 2004ರಲ್ಲಿ ಮಂತ್ರ ಸರ್ಫ್ ಕ್ಲಬ್ ಆರಂಭವಾಯಿತು. ಇದರ ಸ್ಥಾಪಕ, ಅಮೆರಿಕ ಮೂಲದ ಜ್ಯಾಕ್ ಹೆಬ್ನರ್ ಅವರು 'ಸರ್ಫಿಂಗ್ ಸ್ವಾಮಿ' ಎಂದೇ ಪರಿಚಿತರು. ಉಡುಪಿ ಜಿಲ್ಲೆಯ ಕೋಡಿ ಬೆಂಗ್ರೆಯಲ್ಲಿ 2007ರಲ್ಲಿ ಶಾಕಾ ಸರ್ಫ್ ಕ್ಲಬ್ ಸ್ಥಾಪನೆಯಾಯಿತು. ಇಂಡಿಯನ್ ಓಪನ್ ಆಫ್ ಸರ್ಫಿಂಗ್ ಸ್ಪರ್ಧೆಯು 2016ರಲ್ಲಿ ಮೂಲ್ಕಿ ಸಮೀಪದ ಸಸಿಹಿತ್ಲುವಿನಲ್ಲಿ ನಡೆಯಿತು. ಶಾಂಭವಿ ಹಾಗೂ ನಂದಿನಿ ನದಿಗಳು ಕಡಲನ್ನು ಸೇರುವ ಅಳಿವೆ ಇಲ್ಲಿದೆ. 2022 ಹಾಗೂ 2023ರ ಸ್ಪರ್ಧೆಗಳು ಮಂಗಳೂರಿನ ಪಣಂಬೂರಿನಲ್ಲಿ ಜರುಗಿದವು. ಟೋಕಿಯೊ ಒಲಿಂಪಿಕ್ಸ್‌ನಲ್ಲಿ (2021ರಲ್ಲಿ ನಡೆದದ್ದು) ಸರ್ಫಿಂಗ್ ಮೊದಲ ಬಾರಿಗೆ ಸೇರ್ಪಡೆಯಾದ ನಂತರ ಈ ಕ್ರೀಡೆಯತ್ತ ಆಸಕ್ತಿ ಇನ್ನಷ್ಟು ಹೆಚ್ಚಿದೆ.

ಒಂದು ಅಂಶವನ್ನು ಗಮನಿಸುವುದು ಅಗತ್ಯ. ಈ ಸ್ಪರ್ಧೆಗಳು ಸಾಮಾನ್ಯವಾಗಿ ಮೇ ಅಂತ್ಯ ಹಾಗೂ ಜೂನ್ ಆರಂಭದಲ್ಲಿ, ಮುಂಗಾರಿನ ಹೊಸ್ತಿಲಲ್ಲಿ ಅಲೆಗಳು ಬಲಗೊಳ್ಳುವ ಸಮಯದಲ್ಲಿ ನಡೆಯುತ್ತವೆ. ಸ್ಪರ್ಧಾಳುಗಳು ಬಳಸುವ ಸುಮಾರು 6 ಅಡಿಯ ತೆಳ್ಳನೆಯ ಬೋರ್ಡ್‌ಗಳು ಅಂತಹ ಅಲೆಗಳಿಗೆ ಹಾಗೂ ಅಂತಹ ಕೌಶಲ್ಯಕ್ಕೆ ತಕ್ಕವು. ಅಕ್ಟೋಬರ್‌ನಿಂದ ಏಪ್ರಿಲ್‌ವರೆಗೆ ನಮ್ಮ ಕರಾವಳಿಯ ಅಲೆಗಳು ಬಹುಮಟ್ಟಿಗೆ ಚಿಕ್ಕವು, ಮೃದುವಾದವು. ಕಲಿಯುವವರಿಗೆ ಈ ಕಾಲವೇ ಸೂಕ್ತ. ಈ ಅಲೆಗಳಿಗೆ ಉದ್ದವಾದ, ಹೆಚ್ಚು ತೇಲುವ ಬೋರ್ಡ್ ಬೇಕು.

3. ಬೋರ್ಡ್‌ನ ಅಳತೆಗಳನ್ನು ಅರಿಯುವ ವಿಧಾನ

ಬೋರ್ಡ್‌ನ ಮೇಲೆ ಅಥವಾ ಮಾರಾಟದ ವಿವರದಲ್ಲಿ ನಾಲ್ಕು ಅಳತೆಗಳನ್ನು ನಮೂದಿಸಲಾಗಿರುತ್ತದೆ.

(ಅ) ಉದ್ದ: ಅಡಿ ಮತ್ತು ಅಂಗುಲಗಳಲ್ಲಿರುತ್ತದೆ. ಉದ್ದವಾದ ಬೋರ್ಡ್ ನೀರಿನ ಮೇಲೆ ಸರಾಗವಾಗಿ ಜಾರುತ್ತದೆ. ಕೈಯಿಂದ ನೀರನ್ನು ಹಿಂದಕ್ಕೆ ತಳ್ಳಿ ಅಲೆಯ ವೇಗಕ್ಕೆ ಹೊಂದಿಕೊಳ್ಳುವುದು ಸುಲಭವಾಗುತ್ತದೆ.

(ಆ) ಅಗಲ: ಅಂಗುಲಗಳಲ್ಲಿರುತ್ತದೆ. ಅಗಲ ಹೆಚ್ಚಿದಷ್ಟೂ ಬೋರ್ಡ್ ಅಕ್ಕಪಕ್ಕಕ್ಕೆ ಹೊರಳುವುದು ಕಡಿಮೆ. ಹೊಸಬರಿಗೆ 22 ಅಂಗುಲ ಅಥವಾ ಅದಕ್ಕಿಂತ ಹೆಚ್ಚಿನ ಅಗಲ ಅನುಕೂಲಕರ.

(ಇ) ದಪ್ಪ: ಇದು ಸಹ ಅಂಗುಲಗಳಲ್ಲಿರುತ್ತದೆ. ಹೊಸಬರ ಬೋರ್ಡ್ ಸಾಮಾನ್ಯವಾಗಿ 3 ಅಂಗುಲ ಅಥವಾ ಅದಕ್ಕಿಂತ ದಪ್ಪವಿರುತ್ತದೆ.

(ಈ) ಘನಗಾತ್ರ: ಲೀಟರ್‌ಗಳಲ್ಲಿರುತ್ತದೆ. ಮೇಲಿನ ಮೂರು ಅಳತೆಗಳ ಹಾಗೂ ಬೋರ್ಡ್‌ನ ಆಕಾರದ ಒಟ್ಟು ಫಲ ಇದು. ಆಯ್ಕೆಯಲ್ಲಿ ಮೊದಲು ನೋಡಬೇಕಾದ ಅಂಕಿ ಇದೇ.

ಘನಗಾತ್ರದ ಮಹತ್ವವನ್ನು ಒಂದು ಸರಳ ಲೆಕ್ಕದಿಂದ ತಿಳಿಯಬಹುದು. 1 ಲೀಟರ್ ಕಡಲ ನೀರಿನ ತೂಕ 1 ಕೆ.ಜಿ.ಗಿಂತ ಸ್ವಲ್ಪ ಹೆಚ್ಚು. ಆದುದರಿಂದ 80 ಲೀಟರ್‌ನ, 6 ಕೆ.ಜಿ. ತೂಕದ ಬೋರ್ಡ್ ತನ್ನ ತೂಕವನ್ನು ಹೊತ್ತು ಇನ್ನೂ ಸುಮಾರು 76 ಕೆ.ಜಿ. ಭಾರವನ್ನು ನಿಂತ ನೀರಿನಲ್ಲಿಯೂ ತೇಲಿಸಬಲ್ಲದು. 70 ಕೆ.ಜಿ. ತೂಕದ ವ್ಯಕ್ತಿ ಇದರ ಮೇಲೆ ಮಲಗಿದರೆ ಬೋರ್ಡ್ ಮುಳುಗುವುದಿಲ್ಲ. ಅದೇ ವ್ಯಕ್ತಿ 30 ಲೀಟರ್‌ನ ಬೋರ್ಡ್ ಮೇಲೆ ಮಲಗಿದರೆ ಅದು ನೀರಿನ ಕೆಳಕ್ಕೆ ಇಳಿಯುತ್ತದೆ. ಅನುಭವಿಗಳು ತೋಳಿನ ಬಲದಿಂದ, ಅಲೆ ಒಡೆಯುವ ಸರಿಯಾದ ಜಾಗದಲ್ಲಿ ನಿಲ್ಲುವ ಜಾಣ್ಮೆಯಿಂದ ಈ ಕೊರತೆಯನ್ನು ತುಂಬಿಕೊಳ್ಳುತ್ತಾರೆ. ಹೊಸಬರಲ್ಲಿ ಇವೆರಡೂ ಇನ್ನೂ ಬೆಳೆದಿರುವುದಿಲ್ಲ. ಅವರು ದಣಿಯುತ್ತಾರೆ, ಅಲೆಗಳು ಕೆಳಗಿನಿಂದ ಸಾಗಿಹೋಗುತ್ತವೆ.

4. ಹೊಸದಾಗಿ ಕಲಿಯುವವರಿಗೆ ಸೂಕ್ತ ಬೋರ್ಡ್

ನೊರೆ ಅಲೆಯಲ್ಲಿ (ಒಡೆದು ದಡದತ್ತ ಬರುವ ಬಿಳಿ ನೀರಿನಲ್ಲಿ) ಎದ್ದು ನಿಲ್ಲುವುದನ್ನು ಕಲಿಯುತ್ತಿರುವವರು ಈ ವರ್ಗಕ್ಕೆ ಸೇರುತ್ತಾರೆ. ಇವರಿಗೆ ಮೃದು ಮೇಲ್ಮೈಯ ಫೋಮ್ ಬೋರ್ಡ್ ಸೂಕ್ತ. ಬಿದ್ದಾಗ ಬೋರ್ಡ್ ತಮಗಾಗಲಿ, ಸಮೀಪದಲ್ಲಿರುವ ಇತರರಿಗಾಗಲಿ ಬಡಿದರೆ ಪೆಟ್ಟಿನ ತೀವ್ರತೆ ಗಟ್ಟಿ ಬೋರ್ಡ್‌ಗಿಂತ ಕಡಿಮೆ. ಘನಗಾತ್ರವು (ಲೀಟರ್‌ಗಳಲ್ಲಿ) ದೇಹದ ತೂಕದಷ್ಟು (ಕೆ.ಜಿ.ಗಳಲ್ಲಿ) ಅಥವಾ ಅದಕ್ಕಿಂತ ಸ್ವಲ್ಪ ಹೆಚ್ಚು ಇರಬೇಕು. ಉದ್ದಕ್ಕೆ ಸಂಬಂಧಿಸಿದಂತೆ ಈ ಕೆಳಗಿನ ಮಾರ್ಗಸೂಚಿಯನ್ನು ಬಳಸಬಹುದು.

- ತೂಕ 50 ಕೆ.ಜಿ.ವರೆಗೆ: 7 ಅಡಿಯಿಂದ 7 ಅಡಿ 6 ಅಂಗುಲ
- 50ರಿಂದ 65 ಕೆ.ಜಿ.: 7 ಅಡಿ 6 ಅಂಗುಲದಿಂದ 8 ಅಡಿ
- 65ರಿಂದ 80 ಕೆ.ಜಿ.: 8 ಅಡಿಯಿಂದ 8 ಅಡಿ 6 ಅಂಗುಲ
- 80ರಿಂದ 95 ಕೆ.ಜಿ.: 8 ಅಡಿ 6 ಅಂಗುಲದಿಂದ 9 ಅಡಿ
- 95 ಕೆ.ಜಿ.ಗಿಂತ ಹೆಚ್ಚು: 9 ಅಡಿ ಅಥವಾ ಮೇಲ್ಪಟ್ಟು

ದಿನವಿಡೀ ಕುಳಿತು ಕೆಲಸ ಮಾಡುವವರು, ವ್ಯಾಯಾಮದ ರೂಢಿ ಇಲ್ಲದವರು ಹಾಗೂ 40 ವರ್ಷ ದಾಟಿದವರು ತಮ್ಮ ತೂಕಕ್ಕೆ ಸೂಚಿಸಿದ ಅಳತೆಗಳಲ್ಲಿ ದೊಡ್ಡದನ್ನು ಆರಿಸಿಕೊಳ್ಳುವುದು ಒಳಿತು. ಬೋರ್ಡ್‌ನ ಮೂತಿ ದುಂಡಗಿರಲಿ. ತುದಿಯಿಂದ ತುದಿಗೆ ಬಾಗು ಕಡಿಮೆ ಇರಲಿ. ಚೂಪಾದ ಮೂತಿ ಹಾಗೂ ಹೆಚ್ಚಿನ ಬಾಗು ಕಡಿದಾದ ಅಲೆಗಳಿಗೆ ತಕ್ಕವು.

5. ಮುಂದಿನ ಹಂತಕ್ಕೆ ಸಾಗುವವರಿಗೆ

ಚಿಕ್ಕ ಬೋರ್ಡ್‌ಗೆ ಬದಲಾಯಿಸುವ ಮೊದಲು ಕೆಳಗಿನ ಪ್ರಶ್ನೆಗಳಿಗೆ ಪ್ರಾಮಾಣಿಕವಾಗಿ ಉತ್ತರಿಸಿಕೊಳ್ಳಬೇಕು.

(ಅ) ತರಬೇತುದಾರರು ಹಿಂದಿನಿಂದ ತಳ್ಳದೆ, ಒಡೆಯದ ಅಲೆಯನ್ನು ತಾವೇ ಹಿಡಿಯಬಲ್ಲಿರಾ?
(ಆ) ಹಿಡಿದ ಹತ್ತು ಅಲೆಗಳಲ್ಲಿ ಆರೇಳರಲ್ಲಾದರೂ ಎದ್ದು ನಿಲ್ಲುತ್ತೀರಾ?
(ಇ) ನೇರವಾಗಿ ದಡಕ್ಕೆ ಬರುವುದಲ್ಲದೆ, ಅಲೆಯ ಮೈಯುದ್ದಕ್ಕೂ ಎಡಕ್ಕೂ ಬಲಕ್ಕೂ ಸಾಗಬಲ್ಲಿರಾ?
(ಈ) ಎದುರಿಗೆ ಅಲೆ ಬಂದಾಗ ಬೋರ್ಡನ್ನು ಕೈಬಿಡದೆ, ಅದರೊಂದಿಗೆ ತಲೆಕೆಳಗಾಗಿ ಹೊರಳಿ ಅಲೆಯನ್ನು ದಾಟಬಲ್ಲಿರಾ?

ನಾಲ್ಕಕ್ಕೂ ಹೌದು ಎಂಬ ಉತ್ತರವಿದ್ದಲ್ಲಿ ಮಾತ್ರ ಬದಲಾವಣೆ ಯೋಗ್ಯ. ಆಗಲೂ ಒಮ್ಮೆಗೆ 6ರಿಂದ 12 ಅಂಗುಲದಷ್ಟು ಉದ್ದವನ್ನು, 10ರಿಂದ 15 ಲೀಟರ್‌ನಷ್ಟು ಘನಗಾತ್ರವನ್ನು ಮಾತ್ರ ಕಡಿಮೆ ಮಾಡಬೇಕು. 8 ಅಡಿಯಿಂದ ನೇರವಾಗಿ 6 ಅಡಿಗೆ ಇಳಿದವರು ಎದ್ದು ನಿಲ್ಲುವ ಅವಕಾಶವನ್ನೇ ಕಳೆದುಕೊಳ್ಳುತ್ತಾರೆ. ಒಂದು ವಾರಾಂತ್ಯದಲ್ಲಿ ಹಿಡಿಯುವ ಅಲೆಗಳ ಸಂಖ್ಯೆ ತೀರ ಕುಸಿಯುತ್ತದೆ. ಸರ್ಫಿಂಗ್ ಕಲಿಕೆ ಎಂದರೆ ಹಿಡಿದ ಅಲೆಗಳ ಲೆಕ್ಕವೇ ಆಗಿದೆ.

ಈ ಹಂತದವರಿಗೆ ಎರಡು ದಾರಿಗಳಿವೆ. ಮೊದಲನೆಯದು 7 ಅಡಿಯಿಂದ 8 ಅಡಿಯವರೆಗಿನ ಮಧ್ಯಮ ಉದ್ದದ ಬೋರ್ಡ್. ಇದರಲ್ಲಿ ಘನಗಾತ್ರವು ದೇಹದ ತೂಕದ ಶೇ. 60ರಿಂದ 80ರಷ್ಟಿದ್ದರೆ ತಿರುಗಿಸುವುದೂ ಸಾಧ್ಯ, ಅಲೆ ಹಿಡಿಯುವುದೂ ಸುಲಭ. ಎರಡನೆಯದು 9 ಅಡಿ ಅಥವಾ ಮೇಲ್ಪಟ್ಟ ಗಟ್ಟಿ ಲಾಂಗ್‌ಬೋರ್ಡ್. ನಮ್ಮ ಕರಾವಳಿಯ ಚಿಕ್ಕ ಅಲೆಗಳಲ್ಲಿ ವರ್ಷದ ಹೆಚ್ಚು ದಿನ ಉಪಯೋಗಕ್ಕೆ ಬರುವುದು ಇದೇ. ಉದ್ದದ ಬೋರ್ಡ್ ಎಂದರೆ ಕಲಿಕೆಯ ಬೋರ್ಡ್ ಎಂಬ ಭಾವನೆ ಸರಿಯಲ್ಲ. ನುರಿತವರೂ ಅದನ್ನು ಬಳಸುತ್ತಾರೆ, ಅದಕ್ಕೆ ಪ್ರತ್ಯೇಕ ಸ್ಪರ್ಧೆಗಳೂ ಇವೆ.

6. ತಯಾರಿಕೆಯ ವಿಧಗಳು

(ಅ) ಫೋಮ್ ಬೋರ್ಡ್: ಒಳಗೆ ಹಗುರ ಫೋಮ್, ಮೇಲೆ ಮೃದು ಪದರ, ಕೆಳಗೆ ನುಣುಪಾದ ಪ್ಲಾಸ್ಟಿಕ್ ಹಾಳೆ ಇರುತ್ತದೆ. ಒಳಗೆ ಉದ್ದಕ್ಕೆ ಮರದ ಅಥವಾ ಫೈಬರ್‌ನ ಪಟ್ಟಿ ಇರುವುದನ್ನು ಖಚಿತಪಡಿಸಿಕೊಳ್ಳಿ. ಪಟ್ಟಿ ಇಲ್ಲದ ಅಗ್ಗದ ಬೋರ್ಡ್ ಬೇಗ ಬಾಗುತ್ತದೆ.

(ಆ) ಪಾಲಿಯುರೇಥೇನ್ ಬೋರ್ಡ್: ಪಾಲಿಯುರೇಥೇನ್ ಫೋಮ್‌ಗೆ ಫೈಬರ್‌ಗ್ಲಾಸ್ ಬಟ್ಟೆ ಹೊದಿಸಿ ಪಾಲಿಯೆಸ್ಟರ್ ರಾಳ ಬಳಿದಿರಲಾಗುತ್ತದೆ. ದುರಸ್ತಿ ಸುಲಭ, ಆದರೆ ಪೆಟ್ಟಿಗೆ ಬೇಗ ನೆಗ್ಗುತ್ತದೆ.

(ಇ) ಎಪಾಕ್ಸಿ ಬೋರ್ಡ್: ಪಾಲಿಸ್ಟೈರೀನ್ ಫೋಮ್‌ಗೆ ಎಪಾಕ್ಸಿ ರಾಳ ಬಳಿದಿರಲಾಗುತ್ತದೆ. ಹಗುರ, ಹೆಚ್ಚು ತೇಲುತ್ತದೆ, ಪೆಟ್ಟನ್ನೂ ತಾಳುತ್ತದೆ. ಬಿರುಕಿನ ಮೂಲಕ ಒಳಗೆ ನೀರು ಸೇರಿದರೆ ಒಣಗಿಸುವುದು ಕಷ್ಟ.

ಫೈಬರ್‌ಗ್ಲಾಸ್ ಕೆಲಸ ಬಲ್ಲವರಿಗೆ ಈ ಸಾಮಗ್ರಿಗಳು ಹೊಸವೇನಲ್ಲ. ಸಣ್ಣಪುಟ್ಟ ದುರಸ್ತಿಯನ್ನು ಅವರು ಮಾಡಬಲ್ಲರು. ಆದರೆ ದುರಸ್ತಿಗೆ ಕೊಡುವ ಮುನ್ನ ಬೋರ್ಡ್ ಯಾವ ವಿಧದ್ದೆಂದು ತಪ್ಪದೆ ತಿಳಿಸಬೇಕು. ಪಾಲಿಸ್ಟೈರೀನ್ ಫೋಮ್‌ಗೆ ಪಾಲಿಯೆಸ್ಟರ್ ರಾಳ ತಗುಲಿದರೆ ಫೋಮ್ ಕರಗಿಹೋಗುತ್ತದೆ. ಅಂತಹ ಬೋರ್ಡ್‌ಗೆ ಎಪಾಕ್ಸಿ ರಾಳವನ್ನೇ ಬಳಸಬೇಕು.

7. ಜೊತೆಗೆ ಬೇಕಾಗುವ ವಸ್ತುಗಳು

(ಅ) ಲೀಷ್ (ಕಾಲಿಗೂ ಬೋರ್ಡ್‌ಗೂ ಕಟ್ಟುವ ಹಗ್ಗ): ಬೋರ್ಡ್‌ನಷ್ಟೇ ಉದ್ದ ಅಥವಾ ತುಸು ಹೆಚ್ಚು ಇರಬೇಕು. ಹಗ್ಗದಲ್ಲಿ ಸೀಳು ಕಂಡುಬಂದರೆ ಕೂಡಲೇ ಬದಲಾಯಿಸಬೇಕು.
(ಆ) ಫಿನ್ (ಕೆಳಬದಿಯ ರೆಕ್ಕೆ): ಹೊಸಬರಿಗೆ ಮೃದು ಅಂಚಿನ ಮೂರು ಫಿನ್‌ಗಳ ಜೋಡಣೆ ಸಾಕು. ಫಿನ್ ಕೂರಿಸುವ ವ್ಯವಸ್ಥೆಗಳು ಬೇರೆ ಬೇರೆ ಇರುವುದರಿಂದ, ಬದಲಿ ಫಿನ್ ಕೊಳ್ಳುವಾಗ ತಮ್ಮ ಬೋರ್ಡ್‌ಗೆ ಹೊಂದುವುದೇ ಎಂದು ವಿಚಾರಿಸಬೇಕು.
(ಇ) ವ್ಯಾಕ್ಸ್ (ಕಾಲು ಜಾರದಂತೆ ಹಚ್ಚುವ ಮೇಣ): ನಮ್ಮ ಕಡಲಿನ ನೀರು ಬೆಚ್ಚಗಿರುವುದರಿಂದ 'ಟ್ರಾಪಿಕಲ್' ಎಂದು ನಮೂದಿಸಿರುವ ವ್ಯಾಕ್ಸನ್ನೇ ಕೊಳ್ಳಬೇಕು. ತಣ್ಣೀರಿನ ವ್ಯಾಕ್ಸ್ ಇಲ್ಲಿ ಕರಗಿ ಜಾರುತ್ತದೆ.
(ಈ) ಬೋರ್ಡ್ ಚೀಲ: ಬೆಂಗಳೂರಿನಿಂದ ಬೋರ್ಡ್ ಒಯ್ಯುವವರಿಗೆ ಇದು ಅತ್ಯವಶ್ಯ.

8. ಬಾಡಿಗೆಯೋ, ಖರೀದಿಯೋ?

ಕಡಲ ತೀರದಲ್ಲಿ ವಾಸಿಸುವವರ ಲೆಕ್ಕವೇ ಬೇರೆ, ಬೆಂಗಳೂರಿನವರ ಲೆಕ್ಕವೇ ಬೇರೆ. ಖರೀದಿಗೆ ಮೊದಲು ಈ ಸರಳ ಸೂತ್ರವನ್ನು ಅನ್ವಯಿಸಬಹುದು: ಬೋರ್ಡ್, ಚೀಲ, ಲೀಷ್, ಫಿನ್ ಹಾಗೂ ಸಾಗಣೆಯ ಒಟ್ಟು ವೆಚ್ಚದಿಂದ, ಮುಂದೆ ಮಾರಿದಾಗ ಬರಬಹುದಾದ ಮೊತ್ತವನ್ನು ಕಳೆಯಬೇಕು. ಉಳಿದ ಮೊತ್ತವನ್ನು ಒಂದು ದಿನದ ಬಾಡಿಗೆಯಿಂದ ಭಾಗಿಸಬೇಕು. ಬಂದ ಸಂಖ್ಯೆಯಷ್ಟು ದಿನ ಬಳಸಿದರೆ ಮಾತ್ರ ಖರೀದಿ ಬಾಡಿಗೆಗೆ ಸಮವಾಗುತ್ತದೆ.

ಉದಾಹರಣೆ (ಲೆಕ್ಕದ ವಿವರಣೆಗಾಗಿ ಮಾತ್ರ, ಮಾರುಕಟ್ಟೆ ದರವಲ್ಲ): ಒಟ್ಟು ವೆಚ್ಚ ರೂ. 36,000, ಮರುಮಾರಾಟದ ಮೊತ್ತ ರೂ. 16,000, ನಿವ್ವಳ ವೆಚ್ಚ ರೂ. 20,000, ದಿನದ ಬಾಡಿಗೆ ರೂ. 1,000 ಆಗಿದ್ದಲ್ಲಿ, 20 ದಿನಗಳ ಬಳಕೆಯ ನಂತರವೇ ಖರೀದಿ ಲಾಭಕರ. ವರ್ಷಕ್ಕೆ ಮೂರು ವಾರಾಂತ್ಯಗಳಲ್ಲಿ ಆರು ದಿನ ಮಾತ್ರ ಕಡಲಿಗಿಳಿಯುವವರಿಗೆ ಇದು ಮೂರು ವರ್ಷಗಳಿಗೂ ಹೆಚ್ಚಿನ ಮಾತು. ಅಷ್ಟರೊಳಗೆ ಅವರಿಗೆ ಬೇರೆ ಅಳತೆಯ ಬೋರ್ಡ್ ಬೇಕಾಗಬಹುದು. ಆದುದರಿಂದ ಮೊದಲ ಹಂತದಲ್ಲಿ ತರಬೇತಿ ಕೇಂದ್ರದ ಬೋರ್ಡ್‌ಗಳನ್ನೇ ಬಳಸಿ, ಬೇರೆ ಬೇರೆ ಅಳತೆಗಳನ್ನು ಪ್ರಯತ್ನಿಸಿ, ತಮಗೆ ಹೊಂದಿದ ಅಳತೆಯನ್ನು ಬರೆದಿಟ್ಟುಕೊಳ್ಳುವುದು ಜಾಣತನ. ಸ್ನೇಹಿತರು ಅಥವಾ ಸಹೋದ್ಯೋಗಿಗಳು ಕೂಡಿ ಒಂದು ಬೋರ್ಡ್ ಕೊಳ್ಳುವುದಾದರೆ, ಗುಂಪಿನಲ್ಲಿ ಹೆಚ್ಚು ತೂಕವಿರುವವರಿಗೆ ಹೊಂದುವ ಅಳತೆಯನ್ನು ಆರಿಸಬೇಕು.

9. ಬಳಸಿದ ಬೋರ್ಡ್ ಕೊಳ್ಳುವಾಗ ಪರಿಶೀಲಿಸಬೇಕಾದ ಅಂಶಗಳು

- ಮೇಲ್ಮೈಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ. ಪದರ ಬಿಟ್ಟುಕೊಂಡು ಗುಳ್ಳೆಯಂತೆ ಏಳುವುದಾದರೆ ಕೊಳ್ಳಬೇಡಿ.
- ಬೋರ್ಡ್‌ನ ಮಧ್ಯದಲ್ಲಿ ಅಡ್ಡಲಾಗಿ ಮಡಿಕೆಯ ಗೆರೆ ಇದ್ದರೆ ಅದು ಮುರಿಯುವ ಹಂತದಲ್ಲಿದೆಯೆಂದು ತಿಳಿಯಿರಿ.
- ಫಿನ್ ಹಾಗೂ ಲೀಷ್ ಜೋಡಿಸುವ ಜಾಗಗಳ ಸುತ್ತ ಬಿರುಕುಗಳಿವೆಯೇ ನೋಡಿ.
- ಅಳತೆಗೆ ಮೀರಿದ ಭಾರವಿದ್ದರೆ ಒಳಗೆ ನೀರು ಸೇರಿರುವ ಸಂಭವವಿದೆ.
- ಹಳದಿ ಬಣ್ಣಕ್ಕೆ ತಿರುಗಿರುವುದು ಬಿಸಿಲಿನ ಪರಿಣಾಮ. ಬಣ್ಣ ಮಾತ್ರ ದೋಷವಲ್ಲ. ಆದರೆ ವಯಸ್ಸಾಗಿದೆ ಎಂಬುದರ ಸೂಚನೆ.

10. ಸಾಗಣೆ ಹಾಗೂ ಸಂಗ್ರಹಣೆ

9 ಅಡಿಯ ಬೋರ್ಡ್‌ನ ಉದ್ದ ಸುಮಾರು 274 ಸೆ.ಮೀ. ರೈಲಿನ ಬೋಗಿಯೊಳಗೆ ಒಯ್ಯಬಹುದಾದ ಪೆಟ್ಟಿಗೆಯ ಗರಿಷ್ಠ ಅಳತೆ 100 ಸೆ.ಮೀ. x 60 ಸೆ.ಮೀ. x 25 ಸೆ.ಮೀ. ಆಗಿದ್ದು, ಅದಕ್ಕಿಂತ ದೊಡ್ಡ ಸಾಮಾನನ್ನು ನಿಲ್ದಾಣದ ಪಾರ್ಸೆಲ್ ಕಚೇರಿಯಲ್ಲಿ ಮುಂಗಡವಾಗಿ ಬುಕ್ ಮಾಡಬೇಕು. ಬಸ್ ಹಾಗೂ ವಿಮಾನ ಪ್ರಯಾಣಿಕರು ಟಿಕೆಟ್ ಪಡೆಯುವ ಮುನ್ನವೇ ಉದ್ದದ ಮಿತಿಯನ್ನು ವಿಚಾರಿಸಬೇಕು.

ಕಾರಿನ ಮೇಲೆ ಒಯ್ಯುವವರು ಮೆತ್ತೆ ಇರುವ ರ‍್ಯಾಕ್ ಮೇಲೆ ಪಟ್ಟಿಗಳಿಂದ ಬಿಗಿಯಬೇಕು. ಹೊರೆಯು ವಾಹನದ ಮೈಯಿಂದ ಆಚೆ ಚಾಚಿಕೊಂಡಿರುವುದು ಮೋಟಾರು ವಾಹನ ಕಾಯ್ದೆಯಡಿ ದಂಡನೀಯ. ಪೀಣ್ಯದವರಿಗೆ ತುಮಕೂರು ರಸ್ತೆಯಿಂದ ನೆಲಮಂಗಲ, ಹಾಸನ, ಸಕಲೇಶಪುರ, ಶಿರಾಡಿ ಘಾಟಿಯ ದಾರಿ ನೇರವಾಗಿದೆ. ಎಲೆಕ್ಟ್ರಾನಿಕ್ ಸಿಟಿಯವರು ನೈಸ್ ರಸ್ತೆಯ ಮೂಲಕ ತುಮಕೂರು ರಸ್ತೆಯನ್ನು ಸೇರಬಹುದು. ವೈಟ್‌ಫೀಲ್ಡ್‌ನವರು ನಗರವನ್ನು ದಾಟುವ ಸಮಯವನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಬೇಕು. ಮಳೆಗಾಲದಲ್ಲಿ ಘಾಟಿಯ ಸ್ಥಿತಿಯನ್ನು ವಿಚಾರಿಸಿ ಹೊರಡತಕ್ಕದ್ದು.

ಬಿಸಿಲಿನಲ್ಲಿ ನಿಲ್ಲಿಸಿದ ಮುಚ್ಚಿದ ಕಾರಿನೊಳಗೆ ಬೋರ್ಡ್ ಬಿಡಬಾರದು. ಕಾವಿಗೆ ಪದರಗಳು ಬಿಟ್ಟುಕೊಳ್ಳುತ್ತವೆ. ಮನೆಯಲ್ಲಿ ಬಿಸಿಲು ಬೀಳದ ಗೋಡೆಗೆ ಅಡ್ಡಲಾಗಿ ತೂಗುಹಾಕುವುದು ಉತ್ತಮ. ಅಪಾರ್ಟ್‌ಮೆಂಟ್ ನಿವಾಸಿಗಳು ಲಿಫ್ಟ್ ಹಾಗೂ ಮೆಟ್ಟಿಲ ತಿರುವಿನ ಅಳತೆಯನ್ನು ಖರೀದಿಗೆ ಮೊದಲೇ ನೋಡಿಕೊಳ್ಳಬೇಕು.

11. ಗ್ರಾಹಕರ ಹಕ್ಕುಗಳು

ಖರೀದಿಯ ರಸೀದಿಯನ್ನು ಕಡ್ಡಾಯವಾಗಿ ಪಡೆಯಿರಿ. ಆನ್‌ಲೈನ್ ಮೂಲಕ ಕೊಳ್ಳುವಾಗ ತಯಾರಾದ ದೇಶ, ಆಮದುದಾರರ ಹೆಸರು ಹಾಗೂ ಹಿಂದಿರುಗಿಸುವ ಷರತ್ತುಗಳನ್ನು ಓದಿಕೊಳ್ಳಿ. ಬೋರ್ಡ್ ಬಂದ ಕೂಡಲೇ ಪೊಟ್ಟಣ ತೆರೆಯುವುದನ್ನು ಚಿತ್ರೀಕರಿಸಿ, ಬಿರುಕುಗಳಿದ್ದರೆ ಅಂದೇ ಮಾರಾಟಗಾರರಿಗೆ ಬರವಣಿಗೆಯಲ್ಲಿ ತಿಳಿಸಿ. ಪರಿಹಾರ ದೊರೆಯದಿದ್ದಲ್ಲಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ಅನ್ವಯ ತಾವು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗದಲ್ಲಿಯೇ ದೂರು ಸಲ್ಲಿಸಲು ಅವಕಾಶವಿದೆ. ಮಾರಾಟಗಾರರ ಊರಿಗೆ ಹೋಗಬೇಕಾಗಿಲ್ಲ.

12. ಸುರಕ್ಷತೆ

ಬೋರ್ಡ್ ಜೀವರಕ್ಷಕ ಸಾಧನವಲ್ಲ. ಲೀಷ್ ತುಂಡಾದರೆ ಬೋರ್ಡ್ ಕ್ಷಣಾರ್ಧದಲ್ಲಿ ದೂರವಾಗುತ್ತದೆ. ಆದುದರಿಂದ ಈಜು ಬಾರದವರು ಮೊದಲು ಈಜು ಕಲಿಯತಕ್ಕದ್ದು. ಅಳಿವೆಗಳ ಬಳಿ, ವಿಶೇಷವಾಗಿ ಇಳಿತದ ಸಮಯದಲ್ಲಿ, ನೀರಿನ ಸೆಳೆತ ಬಲವಾಗಿರುತ್ತದೆ. ಸ್ಥಳೀಯ ತರಬೇತುದಾರರ ಅಥವಾ ಮೀನುಗಾರರ ಮಾತನ್ನು ಮೀರಿ ಅಲ್ಲಿ ಇಳಿಯಬಾರದು. ಸೆಳೆತಕ್ಕೆ ಸಿಕ್ಕಿದರೆ ಬೋರ್ಡನ್ನು ಬಿಡದೆ, ಸೆಳೆತಕ್ಕೆ ಎದುರಾಗಿ ಈಜದೆ, ದಡಕ್ಕೆ ಸಮಾನಾಂತರವಾಗಿ ಸಾಗಿ ಹೊರಬಂದು ನಂತರ ದಡದತ್ತ ತಿರುಗಬೇಕು. ಬೀಳುವಾಗ ತಲೆ ಕೆಳಗಾಗಿ ಧುಮುಕದೆ, ಮೇಲೇಳುವಾಗ ತೋಳುಗಳಿಂದ ತಲೆಯನ್ನು ರಕ್ಷಿಸಿಕೊಳ್ಳಬೇಕು.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಡಲು ಪ್ರಕ್ಷುಬ್ಧವಾಗಿರುವುದರಿಂದ ಹೊಸಬರು ನೀರಿಗಿಳಿಯಬಾರದು. ಕೆಲವೊಮ್ಮೆ ಗಾಳಿ ಮಳೆಯ ಸುಳಿವೇ ಇಲ್ಲದೆ, ದೂರದ ಸಾಗರದಲ್ಲಿ ಎದ್ದ ಅಲೆಗಳು ನಮ್ಮ ತೀರಕ್ಕೆ ಅಪ್ಪಳಿಸುವುದುಂಟು. ಇದನ್ನು 'ಕಳ್ಳಕ್ಕಡಲ್' ಎಂದು ಕರೆಯಲಾಗುತ್ತದೆ. ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆಯು (ಭಾರತೀಯ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರ) ಅಲೆಗಳ ಮುನ್ಸೂಚನೆ ಹಾಗೂ ಎಚ್ಚರಿಕೆಗಳನ್ನು ಪ್ರಕಟಿಸುತ್ತದೆ. ಬೆಂಗಳೂರಿನಿಂದ ಹೊರಡುವ ಮುನ್ನ ಅದನ್ನು ನೋಡುವ ಅಭ್ಯಾಸವಿರಲಿ. ದೂರದಿಂದ ಬಂದಿದ್ದೇವೆ ಎಂಬ ಕಾರಣಕ್ಕೆ ಎಚ್ಚರಿಕೆಯನ್ನು ಮೀರಬಾರದು. ತುರ್ತು ಸಂದರ್ಭದಲ್ಲಿ 112ಕ್ಕೆ ಕರೆ ಮಾಡಬೇಕು.

13. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ನನ್ನ ತೂಕ 72 ಕೆ.ಜಿ. ಎರಡು ವಾರಾಂತ್ಯ ತರಬೇತಿ ಪಡೆದಿದ್ದೇನೆ. ಯಾವ ಬೋರ್ಡ್ ಕೊಳ್ಳಬೇಕು?
ಉತ್ತರ: ಸದ್ಯಕ್ಕೆ ಕೊಳ್ಳದೆ, ಬಾಡಿಗೆಗೆ ಪಡೆಯುವುದು ಒಳಿತು. ಕೊಳ್ಳಲೇಬೇಕಿದ್ದಲ್ಲಿ 8 ಅಡಿ ಅಥವಾ 8 ಅಡಿ 6 ಅಂಗುಲದ, 72 ಲೀಟರ್‌ಗಿಂತ ಕಡಿಮೆಯಿಲ್ಲದ ಫೋಮ್ ಬೋರ್ಡ್ ಆರಿಸಿ.

ಪ್ರಶ್ನೆ: ನಿಂತು ಹುಟ್ಟು ಹಾಕುವ ಪ್ಯಾಡಲ್ ಬೋರ್ಡ್ ಕೊಂಡರೆ ಎರಡಕ್ಕೂ ಆಗುವುದೇ?
ಉತ್ತರ: ಶಾಂಭವಿಯಂತಹ ನದಿಯ ಶಾಂತ ನೀರಿಗೆ ಪ್ಯಾಡಲ್ ಬೋರ್ಡ್ ತಕ್ಕದ್ದು. ಅದು ದೊಡ್ಡದು, ಭಾರವಾದದ್ದು. ಅಲೆಯಲ್ಲಿ ಹೊಸಬರ ಹತೋಟಿಗೆ ಸಿಗದೆ ಇತರರಿಗೆ ಪೆಟ್ಟು ಮಾಡಬಹುದು.

ಪ್ರಶ್ನೆ: ಮಕ್ಕಳಿಗೆ, ಮುಂದೆ ಬೆಳೆಯುತ್ತಾರೆಂದು ದೊಡ್ಡ ಬೋರ್ಡ್ ಕೊಳ್ಳಬಹುದೇ?
ಉತ್ತರ: ಮಗು ತಾನೇ ಎತ್ತಿ ಹಿಡಿಯಲಾಗದ ಬೋರ್ಡ್ ಅಪಾಯಕಾರಿ. ಮಕ್ಕಳಿಗೆ ಈಗಿನ ತೂಕಕ್ಕೆ ಹೊಂದುವ ಫೋಮ್ ಬೋರ್ಡನ್ನೇ ಬಳಸಬೇಕು. ನೀರಿನಲ್ಲಿ ಹಿರಿಯರೊಬ್ಬರು ಕೈಗೆಟಕುವಷ್ಟು ಹತ್ತಿರವಿರಬೇಕು.

ಪ್ರಶ್ನೆ: ಬೆಂಗಳೂರಿನಲ್ಲಿದ್ದುಕೊಂಡೇ ಅಭ್ಯಾಸ ಸಾಧ್ಯವೇ?
ಉತ್ತರ: ಸಾಧ್ಯ. ವಾರಕ್ಕೆ ಎರಡು ಮೂರು ದಿನ ಈಜು, ಮನೆಯಲ್ಲಿ ಚಾಪೆಯ ಮೇಲೆ ಮಲಗಿದ ಸ್ಥಿತಿಯಿಂದ ಒಂದೇ ಬೀಸಿಗೆ ಎದ್ದು ನಿಲ್ಲುವ ಅಭ್ಯಾಸ ಮಾಡಬಹುದು. ದುಬಾರಿ ಬೋರ್ಡ್‌ಗಿಂತ ಇದರಿಂದಲೇ ಹೆಚ್ಚು ಪ್ರಯೋಜನವಿದೆ.

ಸೂಚನೆ: ಈ ಪುಟದಲ್ಲಿನ ಅಳತೆಗಳು ಸಾಮಾನ್ಯ ಮಾರ್ಗದರ್ಶನಕ್ಕಾಗಿ ಮಾತ್ರ. ಅಂತಿಮ ಆಯ್ಕೆಗೆ ಮುನ್ನ, ತಮ್ಮನ್ನು ನೀರಿನಲ್ಲಿ ನೋಡಿರುವ ತರಬೇತುದಾರರ ಅಭಿಪ್ರಾಯವನ್ನು ಪಡೆಯುವಂತೆ ನಾಗರಿಕರಲ್ಲಿ ಕೋರಲಾಗಿದೆ. ಇಲ್ಲಿ ಯಾವುದೇ ತಯಾರಕರನ್ನಾಗಲಿ, ಮಾರಾಟಗಾರರನ್ನಾಗಲಿ, ತರಬೇತಿ ಕೇಂದ್ರವನ್ನಾಗಲಿ ಶಿಫಾರಸು ಮಾಡಲಾಗಿರುವುದಿಲ್ಲ.